ಕೃಷ್ಣವ್ವನ ಟ್ರಂಕಿನ ಷರಾ

ಕೃಷ್ಣವ್ವನ ಮನೆಯಲ್ಲಿ ಸೀರೆ ಎರಡು ಥರ. ಉಡುವ ಸೀರೆ, ಕೊಡುವ ಸೀರೆ. ಉಡುವವು ಕಪಾಟಿನಲ್ಲಿ, ಕೊಡುವವು ಟ್ರಂಕಿನಲ್ಲಿ. ಮದುವೆ, ಮನೆಶಾಂತಿ, ತೊಟ್ಟಿಲು, ಬಸುರಿಯ ಕುಬಸ, ಯಾವ ಕಾರ್ಯಕ್ಕೆ ಹೋದರೂ ಉಡಿ ತುಂಬಿ ಒಂದು ಸೀರೆ ಕೊಡುತ್ತಾರೆ. ಮನೆಗೆ ತಂದು ಬೆಳಕಿಗೆ ಹಿಡಿದು ನೋಡಬೇಕು. ಮನಸ್ಸಿಗೆ ಬಂದರೆ ಕಪಾಟು, ಬಾರದಿದ್ದರೆ ಮಡಿಕೆ ಬಿಚ್ಚದೆ ಟ್ರಂಕು, ಅಲ್ಲಿಂದ ಮುಂದಿನ ಕಾರ್ಯದಲ್ಲಿ ಬೇರೆಯವರ ಉಡಿ. ಇದನ್ನು ಎಲ್ಲ ಮನೆಯಲ್ಲೂ ಮಾಡುತ್ತಾರೆ, ಯಾವ ಮನೆಯಲ್ಲೂ ಹೇಳುವುದಿಲ್ಲ. ಬೈಲಹೊಂಗಲದಿಂದ ಹೊರಟ ಸೀರೆ ಕಿತ್ತೂರು, ಸವದತ್ತಿ ಸುತ್ತಿ, ಒಬ್ಬರ ಮೈಮೇಲೂ ಏರದೆ ಮೂರು ವರ್ಷಕ್ಕೆ ಹೊರಟ ಮನೆಗೇ ಬಂದದ್ದುಂಟು.

ಕಾಳುಕಡಿಯ ಅಡತಿ ವ್ಯಾಪಾರಿ ಶಂಕ್ರೆಪ್ಪನ ಹೆಂಡತಿ ಕೃಷ್ಣವ್ವ ಈ ವಿದ್ಯೆಯಲ್ಲಿ ಪಳಗಿದವಳು. ಯಾವ ಸೀರೆ ಯಾರದು, ಯಾವ ಕಾರ್ಯದ್ದು ಎಂಬುದೆಲ್ಲ ಮೂವತ್ತು ವರ್ಷ ಅವಳಿಗೆ ಬಾಯಿಪಾಠವಿತ್ತು. ಅರವತ್ತು ದಾಟಿದ ಮೇಲೆ ನೆನಪು ಕೈಕೊಡತೊಡಗಿತು. ಹೋದ ವೈಶಾಖದಲ್ಲಿ ಸವದತ್ತಿಯ ತಮ್ಮ ಗಂಗಪ್ಪನ ಮನೆಶಾಂತಿಗೆ ಹೋದವಳು, ಗಂಗಪ್ಪನ ಹೆಂಡತಿ ಎರಡು ವರ್ಷದ ಹಿಂದೆ ತನಗೆ ಕೊಟ್ಟ ಸೀರೆಯನ್ನೇ ಅವಳ ಉಡಿಗೆ ಹಾಕಿ ಬಂದಳು. ಗಂಗಪ್ಪನ ಹೆಂಡತಿ ಮುಖದಲ್ಲಿ ಏನನ್ನೂ ತೋರಗೊಡಲಿಲ್ಲ. "ಬಣ್ಣ ಭಾಳ ಚಂದ ಐತಿ ಬಿಡ್ರಿ ಅಕ್ಕಾರ, ನನಗ ಸೇರೂ ಬಣ್ಣ" ಎಂದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಕೃಷ್ಣವ್ವನಿಗೆ ಹೊಳೆಯಿತು. ಎರಡು ದಿನ ಅನ್ನ ಸೇರಲಿಲ್ಲ.

"ಅತ್ತಿ, ಇದಕ್ಕೊಂದು ಆ್ಯಪ್ ಮಾಡಿಕೊಡ್ಲೇನ್ರಿ?" ಎಂದಳು ಸೊಸೆ ಸಪ್ನಾ.

ಸಪ್ನಾ ಉಗರಗೋಳದವಳು. ತವರಿನವರು ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಕಾಯಿ-ಕರ್ಪೂರ ಮಾರುವವರು. ಧಾರವಾಡದಲ್ಲಿ ಬಿಸಿಎ ಮಾಡಿಕೊಂಡು, ಮದುವೆಯಾಗಿ ಬಂದ ಮೇಲೆ ಬೈಲಹೊಂಗಲದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಬೆಳಿಗ್ಗೆ ಎರಡು ತಾಸು ಕಲಿಸುತ್ತಿದ್ದಳು. ಉಳಿದ ಹೊತ್ತಿನಲ್ಲಿ ಅವಳಿಗೊಂದು ಖಯಾಲಿ: ಸಣ್ಣ ಸಣ್ಣ ಆ್ಯಪ್ ಮಾಡುವುದು, ಮಾಡಿ ಆನ್‌ಲೈನಿನಲ್ಲಿ ಹಾಕುವುದು. ಅಂಥ ಖಯಾಲಿಯವರೆಲ್ಲ ಸೇರಿ ತಾವು ಮಾಡಿದ್ದನ್ನು ತೋರಿಸಿಕೊಳ್ಳುವ ಒಂದು ತಾಣವಿತ್ತು. ಊರೂರಿನವರು, ದೇಶದೇಶದವರು ನೋಡಿ ಮೆಚ್ಚಿದರೆ ಒಂದು ಹಾರ್ಟ್ ಒತ್ತುತ್ತಿದ್ದರು. ಸಪ್ನಾ ಮೊದಲು ಬೈಲಹೊಂಗಲ ಸ್ಟ್ಯಾಂಡಿನ ಬಸ್ ವೇಳೆಯ ಆ್ಯಪ್ ಹಾಕಿದ್ದಳು. ಬಸ್ಸೇ ಹೇಳಿದ ಹೊತ್ತಿಗೆ ಬಾರದ ಮೇಲೆ ಆ್ಯಪ್ ಏನು ಮಾಡೀತು. ಆಮೇಲೆ ಮನೆಯಲ್ಲಿ ಎಷ್ಟು ಮಂದಿ ಇದ್ದರೆ ಎಷ್ಟು ರೊಟ್ಟಿ ಬಡಿಯಬೇಕೆಂದು ಹೇಳುವ ಆ್ಯಪ್. ಅದನ್ನು ಅವಳೇ ಎರಡು ದಿನ ಬಳಸಿ ಬಿಟ್ಟಳು. ಎರಡಕ್ಕೂ ಸೇರಿ ಹನ್ನೊಂದು ಹಾರ್ಟ್ ಬಂದಿದ್ದವು. ಅದರಲ್ಲಿ ಒಂದು ಗಂಡ ಆಕಾಶನದು.

ಸೀರೆಯ ಆ್ಯಪಿಗೆ 'ಟ್ರಂಕ್' ಎಂದೇ ಹೆಸರಿಟ್ಟಳು. ಮಧ್ಯಾಹ್ನ ಊಟದ ಭಾಂಡೆ ಎತ್ತಿದ ಮೇಲೆ ಅತ್ತೆ ಒಂದೊಂದೇ ಸೀರೆ ಹೊರತೆಗೆದು ಹೇಳುವುದು, ಸೊಸೆ ಫೋಟೋ ಹೊಡೆದು ಬರೆಯುವುದು. ಕೊಟ್ಟವರು ಯಾರು, ಯಾವ ಕಾರ್ಯ, ಮುಂದೆ ಯಾರಿಗೆ, ಕೊನೆಗೆ ಷರಾ, ಅಂದರೆ ಅತ್ತೆಯ ಟಿಪ್ಪಣಿ. ಷರಾದ ಕಾಲಂ ಕೃಷ್ಣವ್ವನೇ ಹೇಳಿ ಮಾಡಿಸಿದ್ದು.

"ಇದು ಯಾರದ್ರಿ?"

"ಕಿತ್ತೂರ ಬೀಗರದು. ನಮ್ಮ ಮಧುನ ಲಗ್ನದಾಗ ಕೊಟ್ಟದ್ದು."

"ಷರಾ?"

"ರೇಶ್ಮಿ ಅಂತ ಹೇಳ್ಯಾರ, ರೇಶ್ಮಿ ಅಲ್ಲ. ಹಂಗ ಬರಿ."

"ಹಂಗ ಬರೀಲೇನ್ರಿ?"

"ಮತ್ತ ಹೆಂಗ? ಇದ್ದದ್ದು ಇದ್ದಂಗ ಇರ್ಲಿ. ನಾವ ಅಲ್ಲೇನ ನೋಡೂದು?"

ಗಂಗಪ್ಪನ ಹೆಂಡತಿಯ ಇನ್ನೊಂದು ಸೀರೆಗೆ "ಪಿನ್ನಿನ ತೂತು ಐತಿ, ಅಕಿಗೂ ಯಾರೋ ಕೊಟ್ಟದ್ದ" ಎಂದು ಬರೆಸಿದಳು. ಅತ್ತೆ-ಸೊಸೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಮದುವೆಯಾಗಿ ಎರಡು ವರ್ಷದಲ್ಲಿ ಅವರಿಬ್ಬರೂ ಹೀಗೆ ಜೊತೆಗೆ ಕುಳಿತು ನಕ್ಕದ್ದು ಅದೇ ಮೊದಲು. ಸಪ್ನಾಳಿಗೆ ಈ ಮಧ್ಯಾಹ್ನಗಳು ಬಹಳ ಹಿಡಿಸಿದವು.

ಕೊಟ್ಟು ಕಳೆದ ಸೀರೆಗಳನ್ನೂ ಬರೆಯಬೇಕೆಂದಳು ಕೃಷ್ಣವ್ವ. "ಬರಿ, ರಾಮದುರ್ಗದ ದೇವಕ್ಕಂದು. ನಿಮ್ಮ ಲಗ್ನದಾಗ ನನಗ ತಂದದ್ದು. ನೂಲಿಂದು. ಬಡವರ ಕೈ, ಮತ್ತೇನ ತರತಾರ. ಭಾಂಡೆ ತಿಕ್ಕಾಕಿಗೆ ಕೊಟ್ಟೇನಿ."

ದೇವಕ್ಕ ಶಂಕ್ರೆಪ್ಪನ ಒಡಹುಟ್ಟಿದ ಅಕ್ಕ. ಸಪ್ನಾಳ ಬೆರಳು ಒಂದು ಗಳಿಗೆ ನಿಂತವು. ಬ್ಯಾಡ ಬಿಡ್ರಿ ಅತ್ತಿ ಅನ್ನಬಹುದಿತ್ತು. ಅನ್ನಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಳು.

ಆ್ಯಪ್ ತಯಾರಾಯಿತು. ಸಪ್ನಾ ಅದನ್ನು ತಾಣದಲ್ಲಿ ಹಾಕುವಾಗ ಮೊದಲು ಸುಳ್ಳು ಹೆಸರುಗಳನ್ನೇ ತುಂಬಿದ್ದಳು. ಸೀರೆ ಒಂದು, ಸೀರೆ ಎರಡು, ಕೊಟ್ಟವರು ಅತ್ತೆ, ಕೊಟ್ಟವರು ಚಿಕ್ಕಮ್ಮ. ಮೂರು ದಿನ ಯಾರೂ ತಿರುಗಿ ನೋಡಲಿಲ್ಲ. ಕೊಯಮತ್ತೂರಿನವನೊಬ್ಬ ಮಾತ್ರ, ಇದು ಯಾತಕ್ಕೆ ಬರುತ್ತದೋ ತಿಳಿಯಲಿಲ್ಲ, ನಿಜವಾದ ಒಂದು ಮನೆಯ ಮಾಹಿತಿ ತುಂಬಿ ತೋರಿಸಿ ಎಂದು ಬರೆದ. ಸಪ್ನಾ ವಿಚಾರ ಮಾಡಿದಳು. ಅಲ್ಲಿರುವವರೆಲ್ಲ ಹೊರಗಿನವರು, ಕನ್ನಡದ ಅಕ್ಷರ ಯಾರಿಗೆ ಓದಲು ಬರುತ್ತದೆ? ಅತ್ತೆಯ ಟ್ರಂಕನ್ನು ಹೇಗಿತ್ತೋ ಹಾಗೇ ನಮೂನೆ ಎಂದು ತೆರೆದಿಟ್ಟಳು. ನಲವತ್ತಮೂರು ಸೀರೆ, ಫೋಟೋ, ಹೆಸರು, ಊರು, ಷರಾ ಸಮೇತ. ಕೆಳಗೆ ಇಂಗ್ಲಿಷಿನಲ್ಲಿ ನಮ್ಮ ಕಡೆಯ ಪದ್ಧತಿಯನ್ನು ನಾಲ್ಕು ಸಾಲಿನಲ್ಲಿ ವಿವರಿಸಿದಳು.

ಓದಿದ ಹುಡುಗಿ ಮಾಡುವ ತಪ್ಪೇ ಇದು ಎಂದು ಆಮೇಲೆ ಎಲ್ಲರೂ ಅಂದರು. ಮಾಡುವಾಗ ಅವಳಿಗೆ ಅನ್ನಿಸಲಿಲ್ಲ, ಏನು ಮಾಡುವುದು.

ಎರಡು ದಿನದಲ್ಲಿ ಆರುನೂರು ಹಾರ್ಟ್ ಬಂದವು. ಪುಣೆಯವಳೊಬ್ಬಳು ನಮ್ಮ ತಾಯಿಗೂ ಬೇಕು ಎಂದಳು. ಪರದೇಶದವನೊಬ್ಬ ಈ ವರ್ಷ ನಾನು ನೋಡಿದ ಅತಿ ಜೀವಂತ ಕೆಲಸ ಇದು ಎಂದು ಬರೆದ. ಸಪ್ನಾ ಊಟದ ಹೊತ್ತಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು.

"ರೊಕ್ಕ ಎಷ್ಟ ಬರತೈತಿ?" ಎಂದ ಶಂಕ್ರೆಪ್ಪ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತ.

"ರೊಕ್ಕ ಬರಂಗಿಲ್ಲ ಮಾಮಾರ. ಹಾರ್ಟ್ ಬರತಾವ."

"ಹಂಗಾರ ನಾಳಿಂದ ಅಂಗಡ್ಯಾಗ ನಾನೂ ಜ್ವಾಳಕ್ಕ ಹಾರ್ಟ್ ತಗೋತೇನಿ" ಎಂದು ಆಕಾಶ ನಕ್ಕ.

ಕೃಷ್ಣವ್ವ ಮಗನಿಗೆ ಗದರಿದಳು. "ಸುಮ್ಮ ಉಣ್ಣು. ನನ್ನ ಟ್ರಂಕ್ ನೋಡಿ ಪರದೇಶದ ಮಂದಿ ಮೆಚ್ಯಾರಂತ, ನಿನ್ನ ಜ್ವಾಳ ಯಾರ ನೋಡ್ಯಾರ?" ಎಂದು ಸೊಸೆಯ ತಾಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಟ್ರಂಕಿನ ಜೊತೆ ಷರಾವೂ ಹೋಗಿದೆ ಎಂದು ಅವಳಿಗೆ ತಿಳಿಯಲಿಲ್ಲ. ಸಪ್ನಾ ಬಿಡಿಸಿ ಹೇಳಲೂ ಇಲ್ಲ.

ಆ ತಾಣದಲ್ಲಿ ಹುಬ್ಬಳ್ಳಿ ಕಡೆಯವನೊಬ್ಬನಿದ್ದ. ಅವನಿಗೆ ಕನ್ನಡ ಚೆನ್ನಾಗಿಯೇ ಓದಲು ಬರುತ್ತಿತ್ತು. ಹೊಟ್ಟೆ ಹುಣ್ಣಾಗುವಂತೆ ನಕ್ಕು, ಷರಾಗಳನ್ನು ಮುದುಕಿಯ ದನಿಯಲ್ಲಿ ಗಟ್ಟಿಯಾಗಿ ಓದಿ ಒಂದು ವಿಡಿಯೋ ಮಾಡಿದ. ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಮ್ಮ ಅವ್ವಂದಿರೆಲ್ಲ ಹಿಂಗ ನೋಡ್ರಿ ಎಂದು ಕೊನೆಗೆ ಪ್ರೀತಿಯಿಂದಲೇ ಹೇಳಿದ್ದ. ವಿಡಿಯೋ ಧಾರವಾಡ ದಾಟಿ, ಕಿತ್ತೂರು ಹಾದು, ನಾಲ್ಕನೆಯ ದಿನ ಸವದತ್ತಿ ಮುಟ್ಟಿತು.

ಗಂಗಪ್ಪನ ಹೆಂಡತಿ ಫೋನು ಮಾಡಿದಾಗ ಬೆಳಗಿನ ಹತ್ತು ಗಂಟೆ. ಸಪ್ನಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೃಷ್ಣವ್ವ ಮೆಂತ್ಯೆ ಸೋಸುತ್ತ ಫೋನನ್ನು ಸ್ಪೀಕರಿಗೆ ಹಾಕಿದಳು.

"ಅಕ್ಕಾರ, ನಂದು ಪಿನ್ನಿನ ತೂತಿನ ಸೀರಿ ಅಂತಲ್ಲ?"

"ಏನ ಹಂಗಂದ್ರ?"

"ವಿಡಿಯೋ ಕಳಿಸೇನಿ, ನೋಡ್ರಿ. ನಮ್ಮ ಓಣಿ ಮಂದಿ ಎಲ್ಲಾ ನೋಡ್ಯಾರ. ನೀವೊಬ್ರ ಯಾಕ ಉಳೀತೀರಿ?"

ಆಕಾಶ ಬಂದು ವಿಡಿಯೋ ತೆರೆದು ತೋರಿಸಿದ. ಕೃಷ್ಣವ್ವ ನಿಂತೇ ಪೂರ್ತಿ ನೋಡಿದಳು. ತನ್ನ ಮಾತು, ತನ್ನದೇ ಧಾಟಿ, ಗಂಡಸಿನ ಬಾಯಲ್ಲಿ. ಮುಖ ಕಪ್ಪಿಟ್ಟಿತು. ತಾನೇ ಸವದತ್ತಿಗೆ ಫೋನು ಹಚ್ಚಿ, ಸೊಸೆಗೆ ಕೇಳುವ ಹಾಗೆಯೇ ಹೇಳಿದಳು: "ನನಗೇನೂ ಗೊತ್ತಿಲ್ಲವ್ವಾ. ಆ ಹುಡುಗಿ ತನ್ನಷ್ಟಕ್ಕ ತಾನ ಬರದಾಳ. ಉಗರಗೋಳದಾಗ ಕಾಯಿ-ಕರ್ಪೂರ ಮಾರೋರ ಮನಿಯಾಕಿ, ಮಂದಿ ಮರ್ಯಾದಿ ಅಕಿಗೇನ ತಿಳೀತೈತಿ?"

ರೊಟ್ಟಿ ಹೆಂಚಿನ ಮೇಲೆ ಸುಟ್ಟಿತು. ಸಪ್ನಾ ಅದನ್ನು ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ಬಡಿದಳು.

"ಯವ್ವಾ, ನೀನ ಅಲ್ಲೇನ ಹೇಳಿ ಬರಸಿದ್ದು?" ಎಂದ ಆಕಾಶ.

"ಹೌದೋ, ಹೇಳೇನಿ. ಊರಿಗೆ ಸಾರು ಅಂತ ಹೇಳಿದ್ನೇನು? ನನ್ನ ಮನ್ಯಾಗ, ನನ್ನ ಟ್ರಂಕಿನ ಮುಂದ ಕುಂತು ಹೇಳಿದ ಮಾತದು. ಬೀದ್ಯಾಗ ಇಟ್ಟಾಕಿ ಯಾರು? ಕೇಳು ನಿನ್ನ ಹೆಂಡತಿನ."

ಆಕಾಶ ಹೆಂಡತಿಯ ಕಡೆ ನೋಡಿದ. ಅತ್ತೆ ಹೇಳಿದ್ದರಲ್ಲಿ ಆ ಭಾಗ ನಿಜವೇ ಆಗಿತ್ತು. ಸಪ್ನಾಳಿಗೆ ನೆಲ ಬಾಯ್ದೆರೆದು ನುಂಗಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು. ಕೈತೊಳೆದು ಫೋನು ಹಿಡಿದು ತಾಣದಲ್ಲಿದ್ದುದನ್ನೆಲ್ಲ ಅಳಿಸಿದಳು. ಇದು ನನ್ನ ಮನೆಯವರ ನಿಜವಾದ ಮಾತು, ಕೇಳದೆ ಹಾಕಿದೆ, ತಪ್ಪಾಯಿತು ಎಂದು ಬರೆದಳು. ಅದಕ್ಕೂ ಯಾರೋ ಹಾರ್ಟ್ ಒತ್ತಿದರು. ಹುಬ್ಬಳ್ಳಿಯವನು ಪಾಪ, ಕೇಳಿದ ಕೂಡಲೇ ತನ್ನ ವಿಡಿಯೋ ತೆಗೆದ. ಆದರೆ ಅಷ್ಟರಲ್ಲಿ ಅದು ಬೀಗರು-ಬಿಜ್ಜರ ಎಲ್ಲ ಫೋನಿನಲ್ಲಿ ಹೊಕ್ಕು ಕುಳಿತಿತ್ತು.

ಮುಂದಿನ ಮೂರು ವಾರ ಆ ಮನೆಯ ಊಟ ನೋಡುವಂತಿರಲಿಲ್ಲ. ಕೃಷ್ಣವ್ವ ಸೊಸೆಯ ಜೊತೆ ನೇರ ಮಾತು ಬಿಟ್ಟಳು. ಸೊಸೆ ಎದುರಿಗೇ ಕುಳಿತಿದ್ದರೂ, "ಆಕಾಶಾ, ನಿನ್ನ ಹೆಂಡತಿಗೆ ಹೇಳು, ಪಲ್ಯಾಕ್ಕ ಉಪ್ಪ ಕಮ್ಮಿ ಐತಿ" ಎನ್ನುವಳು. ಸಪ್ನಾ ಉಪ್ಪಿನ ಡಬ್ಬಿ ತಂದು ಮುಂದಿಡುವಳು. ಅಂಗಡಿಗೆ ಮಾಲು ತಂದವರು ಶಂಕ್ರೆಪ್ಪನಿಗೆ, "ಸಾವಕಾರ, ನಮ್ಮ ಕಡ್ಲಿಗೆ ಏನ ಷರಾ ಬರೀತೀರಿ?" ಎಂದು ಕೇಳತೊಡಗಿದರು. ಶಂಕ್ರೆಪ್ಪ ಹಲ್ಲು ಕಿರಿಯುವನು, ಮನೆಗೆ ಬಂದು ಚಪ್ಪಲಿಯನ್ನು ಮೂಲೆಗೆ ಒಗೆಯುವನು. ಕೃಷ್ಣವ್ವ ಸೋಮವಾರದ ಬಸವಣ್ಣನ ಗುಡಿಗೆ ಹೋಗುವುದನ್ನು ಬಿಟ್ಟಳು. ಮನೆಗೆ ಬಂದ ಹೆಂಗಸರು ಉಟ್ಟ ಸೆರಗನ್ನು ಮುಷ್ಟಿಯಲ್ಲಿ ಮುದುಡಿಕೊಂಡು ಕೂರುತ್ತಿದ್ದರು. ಇವಳು ಬೆಳಕಿಗೆ ಹಿಡಿದು ನೋಡಿಯಾಳು ಎಂದೋ ಏನೋ.

ಆ ಹೊತ್ತಿಗೆ ಸರಿಯಾಗಿ ಬಸುರಿ ಮಗಳು ಮಧುವಿಗೆ ಏಳು ತಿಂಗಳು ತುಂಬುವುದರಲ್ಲಿತ್ತು. ತವರಿನ ಕುಬಸ ಬೈಲಹೊಂಗಲದಲ್ಲೇ ಆಗಬೇಕು. ಕಿತ್ತೂರಿನಿಂದ ಅವಳ ಫೋನು ಬಂತು.

"ಯವ್ವಾ, ನಮ್ಮತ್ತಿ ಆ ರೇಶ್ಮಿ ಸೀರಿ ಬಿಲ್ಲ ಹುಡುಕಿ ಫ್ರಿಜ್ಜಿಗೆ ಹಚ್ಯಾರ. ಬಂದವರು ಹ್ವಾದವರೆಲ್ಲ ಓದತಾರ. ನಾ ಹೆಂಗ ತಲಿ ಎತ್ತಿ ತಿರಗ್ಲಿ?"

"ಎಲ್ಲಾ ಅಕಿ ಮಾಡಿದ್ದು ಅಂತ ಹೇಳು."

"ಹೇಳೇನಿ. ನಂಬಿದಂಗ ಮಾಡ್ಯಾರ. ಅದಿರ್ಲಿ, ದೇವಕ್ಕತ್ತಿನ ಕರದಿ?"

"ಫೋನ ಎತ್ತವಲ್ಲಳು."

"ಅಕಿ ಬರದಿದ್ದರ ನಾ ಕುಂದರಂಗಿಲ್ಲ ನೋಡು. ನನಗ ಹೆಸರಿಟ್ಟಾಕಿ ಅಕಿ. ಮೊದಲ ಉಡಿ ಸೋದರತ್ತೀದು. ಬ್ಯಾರೇಯವರು ಯಾರ ತುಂಬಿದರೂ ನಾ ಎದ್ದ ಹೋಗತೇನಿ."

ಮಧು ಹಠದಲ್ಲಿ ತಾಯಿಯ ಮಗಳು. ಶಂಕ್ರೆಪ್ಪ ತಾನೇ ಹೋಗಿ ಕರೆಯುತ್ತೇನೆಂದ. ಕೃಷ್ಣವ್ವನಿಗೆ ಹೋಗಲು ಮುಖವಿರಲಿಲ್ಲ. "ನಾನೂ ಬರತೇನ್ರಿ ಮಾಮಾರ" ಎಂದಳು ಸಪ್ನಾ. ಯಾರೂ ಬೇಡವೆನ್ನಲಿಲ್ಲ.

ರಾಮದುರ್ಗದಲ್ಲಿ ದೇವಕ್ಕನದು ಎರಡು ಖೋಲಿಯ ಮನೆ. ಗಂಡ ಸಿದ್ದರಾಮ ಕೈಮಗ್ಗದವನು. ಕಣ್ಣು ಮಂಜಾಗಿ ಮಗ್ಗ ನಿಂತು ಎರಡು ವರ್ಷವಾಗಿತ್ತು. ದೇವಕ್ಕ ಸೀರೆಗೆ ಫಾಲ್ ಹಚ್ಚಿ ಸಂಸಾರ ನಡೆಸುತ್ತಿದ್ದಳು. ಇಬ್ಬರನ್ನೂ ಕೂರಿಸಿ ನೀರು ಕೊಟ್ಟಳು, ಅವಲಕ್ಕಿ ಕಲಸಿ ಕೊಟ್ಟಳು, ಚಹಾ ಮಾಡಿದಳು. ಕುಬಸದ ಮಾತು ಮಾತ್ರ ಎತ್ತಗೊಡಲಿಲ್ಲ. ಚಹಾ ಮುಗಿದ ಮೇಲೆ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಇಟ್ಟು ಸಪ್ನಾಳ ಕಡೆ ತಿರುಗಿದಳು.

"ಒಂದ ಮಾತು ಕೇಳತೇನಿ, ಖರೇ ಹೇಳು. ಆ ಮಾತು ನೀ ಬರದಿಯೋ, ಅಕಿ ಹೇಳಿದಳೋ?"

ಶಂಕ್ರೆಪ್ಪ ಬಗ್ಗಿ ತನ್ನ ಕಾಲಬೆರಳು ನೋಡತೊಡಗಿದ.

"ಆ ಸೀರಿ ಇವರು ನೇದದ್ದವಾ" ಎಂದಳು ದೇವಕ್ಕ. "ಕಣ್ಣು ಕಾಣವೊಲ್ಲದಾಗ, ಕೈಲೇ ಎಳಿ ಮುಟ್ಟಿ ಮುಟ್ಟಿ ನೇದದ್ದು. ನಿಮ್ಮ ಲಗ್ನಕ್ಕ ಅಂತ. ಅದರ ಮ್ಯಾಲ ಮಗ್ಗಕ್ಕ ಕುಂತಿಲ್ಲ."

ಒಳಗಿನಿಂದ ಸಿದ್ದರಾಮನ ದನಿ ಬಂತು. "ಹೋಗ್ಲಿ ಬಿಡ. ನೂಲಿಂದು ಅಂತ ಬರದಾರ, ನೂಲಿಂದ ಅಲ್ಲೇನ ಅದು? ಸುಳ್ಳೇನ ಬರದಿಲ್ಲಲಾ."

ಬೈದಿದ್ದರೆ ಸಪ್ನಾ ತಡೆದುಕೊಳ್ಳುತ್ತಿದ್ದಳು.

"ನಾನ ಬರದೇನ್ರಿ ದೊಡ್ಡತ್ತಿ" ಎಂದಳು.

ದೇವಕ್ಕ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. "ಹಂಗಾರ ಬರತೇನಿ. ನೀ ನಿನ್ನೆ ಮೊನ್ನೆ ಬಂದಾಕಿ, ತಿಳೀದ ಬರದಿ. ಅಕಿ ಹೇಳಿದ್ದರ ಮಾತ್ರ, ನನ್ನ ತಮ್ಮನ ಮನಿ ಆದರೂ ಆ ಹೊಸ್ತಲಾ ನಾ ತುಳೀತಿದ್ದಿಲ್ಲ."

ಮನೆಗೆ ಬಂದು ಊಟಕ್ಕೆ ಕುಳಿತಾಗ ಶಂಕ್ರೆಪ್ಪ ಹೆಂಡತಿಗೆ ನಡೆದದ್ದನ್ನು ನಡೆದಂತೆ ಹೇಳಿದ. ಮಗ್ಗದ ಮಾತನ್ನೂ ಹೇಳಿದ. "ನಿನ್ನ ಮಾತು ಈ ಹುಡುಗಿ ತಲಿಮ್ಯಾಲ ಹೊತ್ತಕೊಂಡು ಬಂದಾಳ. ನಾ ಬಾಯಿ ಮುಚ್ಚಿಕೊಂಡು ಕುಂತಿದ್ದೆ. ನನಗ ಭಾಳ ನಾಚಿಕಿ ಆತು."

"ಹೊತ್ತಕೋ ಅಂತ ನಾ ಹೇಳಿದ್ನೇನು?" ಎಂದಳು ಕೃಷ್ಣವ್ವ. ಆದರೆ ತಾಟಿನಲ್ಲಿದ್ದ ಅರ್ಧ ರೊಟ್ಟಿಯನ್ನು ಬಿಟ್ಟು ಎದ್ದಳು.

ಕುಬಸದ ದಿನ ಮನೆ ತುಂಬಿತು. ಬರುವುದಿಲ್ಲ ಎಂದುಕೊಂಡವರೆಲ್ಲ ಬಂದರು. ಷರಾ ಬರೆಯುವ ಮನೆಯನ್ನು ಕಣ್ಣಾರೆ ನೋಡುವ ಆಸೆ ಯಾರಿಗಿಲ್ಲ? ಆದರೆ ಒಬ್ಬರೂ ಬಟ್ಟೆ ತಂದಿರಲಿಲ್ಲ. ಗಂಗಪ್ಪನ ಹೆಂಡತಿ ಲಕೋಟೆ ಕೊಟ್ಟಳು, ಕಿತ್ತೂರಿನ ಬೀಗಿತಿ ಲಕೋಟೆ ಕೊಟ್ಟಳು, ಓಣಿಯವರೂ ಲಕೋಟೆ. "ನಿಮಗ ಬೇಕಾದ್ದ ನೀವ ತಗೋರಿ, ನಮ್ಮ ಆರಿಸೂದು ನಿಮಗ ಒಗ್ಗತೈತೋ ಇಲ್ಲೋ" ಎಂದು ಬೀಗಿತಿ ನಗುತ್ತಲೇ ಹೇಳಿದಳು. ಕೃಷ್ಣವ್ವ ಎಲ್ಲರ ಮುಂದೆ ನಗುತ್ತಲೇ ತೆಗೆದುಕೊಂಡಳು. ಅಂಥ ನಗೆ ಎಷ್ಟು ಕಷ್ಟದ್ದು ಎಂದು ನಕ್ಕವರಿಗೇ ಗೊತ್ತು.

ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಮಧು ಮಣೆಯ ಮೇಲೆ ಕುಳಿತಳು. ದೇವಕ್ಕ ಹೇಳಿದ ಮಾತಿನಂತೆ ಬಂದಿದ್ದಳು. ಸಪ್ನಾ ಅಕ್ಕಿಯ ತಾಟು ಹಿಡಿದು ಪಕ್ಕದಲ್ಲಿ ನಿಂತಳು, ಕೃಷ್ಣವ್ವ ಆರತಿ ಹಿಡಿದು ಎದುರಿಗೆ. ದೇವಕ್ಕ ಮಧುವಿನ ಸೆರಗಿಗೆ ಒಂದು ಬೊಗಸೆ ಅಕ್ಕಿ ಹಾಕಿದಳು, ಎರಡು ಹಾಕಿದಳು, ಮೂರು ಹಾಕಿದಳು. ಹಾಕುತ್ತ ಸಪ್ನಾಳ ಕಡೆ ನೋಡಿ, ಎಲ್ಲರಿಗೂ ಕೇಳುವಂತೆ, ಆದರೆ ಮೆಲ್ಲಗೆ, ಹೇಳಿದಳು.

"ಸಪ್ನಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಮಂದಿ ತಂದದ್ದಕ್ಕ ಬೆಲಿ ಕಟ್ಟಬಾರದವಾ. ನಿಮ್ಮ ಅತ್ತಿನ್ನ ನೋಡಿ ಕಲಿ. ಮೂವತ್ತೈದ ವರ್ಷ ಆತು, ನಾ ತಂದದ್ದಕ್ಕ ಅಕಿ ಒಂದ ಮಾತು ಅಂದಿಲ್ಲ. ಏನ ತಂದರೂ ಕಣ್ಣಿಗೊತ್ತಿ ತಗೊಂಡಾಳ."

ಹೆಂಗಸರು ತಲೆದೂಗಿದರು. ಒಬ್ಬಿಬ್ಬರು ಸಪ್ನಾಳ ಕಡೆ ನೋಡಿ ಚ್ಚುಚ್ಚು ಎಂದರು. "ಹೂಂನ್ರಿ, ತಪ್ಪಾತು" ಎಂದು ಸಪ್ನಾ ದೇವಕ್ಕನ ಕಾಲು ಮುಟ್ಟಲು ಬಗ್ಗಿದಳು.

"ತಡೀರಿ ಅಕ್ಕಾರ" ಎಂದಳು ಕೃಷ್ಣವ್ವ.

ಆರತಿಯ ತಾಟನ್ನು ಪಕ್ಕಕ್ಕೆ ಚಾಚಿದಳು. ಬೀಗಿತಿ ಅದನ್ನು ಕೈಯಿಂದ ತೆಗೆದುಕೊಂಡಳು.

"ಆ ಷರಾ ನಂದು. ಒಂದೊಂದೂ ನಂದ. ನಾ ಹೇಳೇನಿ, ಅಕಿ ಬರದಾಳ. ಬಡವರ ಕೈ ಅಂತ ಅಂದದ್ದೂ ನಾನ. ಆ ಸೀರಿ ಕೊಟ್ಟದ್ದೂ ನಾನ. ಮಂದಿ ಕೇಳಿದಾಗ ಸೊಸಿ ಮ್ಯಾಲ ಹಾಕಿದೆ. ಅಕಿ ಬಾಯಿ ತಗೀಲಿಲ್ಲ."

ಮಧು ತಾಯಿಯನ್ನೊಮ್ಮೆ, ಸೋದರತ್ತೆಯನ್ನೊಮ್ಮೆ ನೋಡಿದಳು. ದೇವಕ್ಕನ ಬೊಗಸೆಯಲ್ಲಿ ನಾಲ್ಕನೆಯ ಸಲದ ಅಕ್ಕಿಯಿತ್ತು. ಅವಳು ಅದನ್ನು ನೋಡುತ್ತ ನಿಂತಳು. ಆಮೇಲೆ ಅದನ್ನು ಮಧುವಿನ ಉಡಿಗೆ ಹಾಕಿದಳು, ಐದನೆಯದನ್ನೂ ಹಾಕಿದಳು. ತೆಂಗಿನಕಾಯಿ, ಎಲೆ-ಅಡಿಕೆ, ಅರಿಷಿಣದ ಕೊಂಬು ಒಂದೊಂದಾಗಿ ಇಟ್ಟಳು. ಕುಂಕುಮ ಹಚ್ಚಿ ಮಧುವಿನ ತಲೆ ಸವರಿ, "ಸುಸೂತ್ರ ಹಡಿ ಮಗಳ" ಎಂದಳು. ಏನನ್ನೂ ಕಡಿಮೆ ಮಾಡಲಿಲ್ಲ. ಮಾಡಿ ಮುಗಿಸಿ ತನ್ನ ಚೀಲ ತೆಗೆದುಕೊಂಡು ಹೊರಟಳು.

"ಊಟ ಮಾಡಿ ಹೋಗ್ರಿ ಅಕ್ಕಾರ. ಸಿಹಿ ಮಾದಲಿ ಮಾಡೇವಿ" ಎಂದಳು ಕೃಷ್ಣವ್ವ.

"ಹಸಿವಿಲ್ಲ."

"ದೇವಕ್ಕಾ" ಎಂದು ಶಂಕ್ರೆಪ್ಪ ಬಾಗಿಲಿಗೆ ಬಂದ. ದೇವಕ್ಕ ತಮ್ಮನ ಕಡೆಗೂ ನೋಡಲಿಲ್ಲ. "ನೀನೂ ಅವತ್ತ ಸುಮ್ಮ ಕುಂತಿದ್ದಿ" ಎಂದಳು ಅಷ್ಟೇ.

ಕೃಷ್ಣವ್ವ ಪಡಸಾಲೆಯ ನಡುವೆ ನಿಂತಳು. ಸುತ್ತ ನಲವತ್ತು ಹೆಂಗಸರು, ಒಳಗೆ ಬಡಿಸಿದ ಎಲೆಗಳು, ಮಣೆಯ ಮೇಲೆ ಕಣ್ಣು ತುಂಬಿಕೊಂಡ ಮಗಳು. ಮೂರು ವಾರದಲ್ಲಿ ಮೊದಲ ಸಲ ಸೊಸೆಯ ಕಡೆ ತಿರುಗಿ, ಅವಳಿಗೇ ಹೇಳಿದಳು.

"ಸಪ್ನಾ, ಬೀಗರನ್ನ ನೀನ ಪಂಕ್ತಿಗೆ ಕುಂದ್ರಸು. ನೀನ ನೀಡು. ಯಾರಿಗೂ ಏನೂ ಕಮ್ಮಿ ಆಗಬಾರದು."

"ನೀವ್ರಿ?"

ಕೃಷ್ಣವ್ವ ಆಗಲೇ ಹೊಸ್ತಿಲು ದಾಟಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಸವದತ್ತಿ ಮೇಲೆ ಹೋಗುವ ರಾಮದುರ್ಗದ ಬಸ್ಸು 'ಇದೋ ಬಿಟ್ಟೆ' ಎಂಬಂತೆ ಗುಡುಗುತ್ತಿತ್ತು. ದೇವಕ್ಕ ಕಿಟಕಿಯ ಪಕ್ಕ ಕುಳಿತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡಿದ್ದಳು. ಕೃಷ್ಣವ್ವ ಏದುಸಿರು ಬಿಡುತ್ತ ಹತ್ತಿ ಆ ಸೀಟಿನ ಹತ್ತಿರ ನಿಂತಳು. ದೇವಕ್ಕ ಚೀಲ ತೆಗೆಯಲಿಲ್ಲ. ಹಿಂದೆ ಖಾಲಿ ಸೀಟುಗಳಿದ್ದವು. ಕೃಷ್ಣವ್ವ ಅಲ್ಲಿಗೆ ಹೋಗಲಿಲ್ಲ. ಬಸ್ಸು ಬಿಟ್ಟಿತು. ಕುಬಸದ ರೇಷ್ಮೆ ಸೀರೆ ಉಟ್ಟು, ಕೊರಳ ತುಂಬ ಬಂಗಾರ ಹಾಕಿಕೊಂಡವಳು ಕಂಬಿ ಹಿಡಿದು ಜೋಲಿ ಹೊಡೆಯುತ್ತ ನಿಂತಿದ್ದನ್ನು ಬಸ್ಸಿನವರೆಲ್ಲ ನೋಡಿದರು.

"ಅಕ್ಕಾರ, ತಪ್ಪಾತ್ರಿ" ಎಂದಳು. ದೇವಕ್ಕ ಹೊರಗೆ ನೋಡುತ್ತಿದ್ದಳು.

ಕಂಡಕ್ಟರ್ ಬಂದ. ದೇವಕ್ಕ ಆಧಾರ್ ತೋರಿಸಿ ಪುಕ್ಕಟೆ ಟಿಕೀಟು ತೆಗೆದುಕೊಂಡಳು. "ನಿಮ್ಮದ್ರಿ ಅವ್ವಾರ?" ಎಂದ.

ಕೃಷ್ಣವ್ವ ಸೊಂಟ ಮುಟ್ಟಿ ನೋಡಿಕೊಂಡಳು. ಪರ್ಸ್ ಇಲ್ಲ, ಆಧಾರ್ ಇಲ್ಲ, ಫೋನೂ ಮನೆಯಲ್ಲೇ.

"ಆಧಾರ್ ಇಲ್ಲಂದ್ರ ರೊಕ್ಕ ಕೊಟ್ಟ ಟಿಕೀಟ್ ತಗೋಬೇಕ್ರಿ. ಇಲ್ಲಂದ್ರ ಇಲ್ಲೇ ಇಳೀರಿ."

"ತರಾಕ ಮರತೇನಪ್ಪಾ" ಎಂದಳು ಕೃಷ್ಣವ್ವ. ಮುಖವೆಲ್ಲ ಕೆಂಪಾಯಿತು. ಮುಂದಿನ ಸೀಟಿನ ಹುಡುಗಿಯರು ಅವಳ ಕೊರಳ ಸರ ನೋಡಿ ಒಬ್ಬರನ್ನೊಬ್ಬರು ತಿವಿದು ನಕ್ಕರು. ಕಂಡಕ್ಟರ್ ಸೀಟಿ ಬಾಯಿಗಿಟ್ಟ.

ದೇವಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು. ಸೊಂಟದ ಸಂಚಿ ಬಿಚ್ಚಿ, ಮಡಚಿಟ್ಟ ನೋಟು ತೆಗೆದು ಕಂಡಕ್ಟರನಿಗೆ ಕೊಟ್ಟು, "ಒಂದ ರಾಮದುರ್ಗ ಕೊಡು" ಎಂದಳು. ಟಿಕೀಟನ್ನು ಕೃಷ್ಣವ್ವನ ಕೈಗೆ ಕೊಡದೆ ತಾನೇ ಸಂಚಿಯಲ್ಲಿ ಇಟ್ಟುಕೊಂಡಳು. ಆಮೇಲೆ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕುಂದರು" ಎಂದಳು. "ಮಾತಾಡಬ್ಯಾಡ. ಏನ ಹೇಳೂದೈತಿ, ನಮ್ಮ ಮನಿಯವರ ಮುಂದ ಹೇಳು."

ಕೃಷ್ಣವ್ವ ಸೀಟಿನ ಅಂಚಿಗೆ ಕುಳಿತಳು. ಮುನವಳ್ಳಿ ದಾಟಿತು, ಸವದತ್ತಿ ದಾಟಿತು. ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದವಳು ರಾಮದುರ್ಗದವರೆಗೂ ಬಾಯಿ ತೆರೆಯಲಿಲ್ಲ. ಕಣ್ಣು ಕಾಣದ ಮನುಷ್ಯನ ಮುಂದೆ ಮೊದಲು ಯಾವ ಮಾತು ಹೇಳಬೇಕು ಎಂಬುದು ಅಷ್ಟು ದೂರ ಹೋದರೂ ಅವಳಿಗೆ ಸಿಕ್ಕಿರಲಿಲ್ಲ.